ಭಾರ ಕೊಡುವ ಕುಣಿತ

ಅಕ್ಟೋಬರ್ 14, ಮಂಗಳವಾರ. ಪೇರ್‌ಲ್ಯಾಂಡ್

ಐವತ್ಮೂರನೆಯ ವಯಸ್ಸಿನಲ್ಲಿ ನಾನು ಕುಣಿಯಲು ಹೊರಟಿದ್ದೇನೆ. ಇಳಕಲ್ಲಿನಲ್ಲಿ ನನ್ನ ಓರಗೆಯವರಿಗೆ ಗೊತ್ತಾದರೆ ಊರೇ ಹಲ್ಲು ಕಿಸಿಯುತ್ತದೆ. ನನ್ನದೇ ಮದುವೆಯ ಮೆರವಣಿಗೆಯಲ್ಲಿ ಗೆಳೆಯರು ಎಳೆದಾಗ ಕೈ ಕೊಸರಿಕೊಂಡು ಕಾರಿನೊಳಗೆ ಹೋಗಿ ಕೂತವನು ನಾನು. ಈಗ ಟೆಂಟು, ನೀರಿನ ಕ್ಯಾನು, ಮೊಣಕಾಲಿಗೆ ಪಟ್ಟಿ ಎಲ್ಲ ಕಟ್ಟಿಕೊಂಡು ಪಶ್ಚಿಮ ಟೆಕ್ಸಸ್ಸಿನ ಮರುಭೂಮಿಯ ಒಂದು ಕಲಾ ಉತ್ಸವಕ್ಕೆ ಹೊರಟು ನಿಂತಿದ್ದೇನೆ. ಆಸ್ಟಿನ್ನಿನ ಒಂದು ಗುಂಪು ಪ್ರತಿ ವರ್ಷ ಅಲ್ಲಿ ಕುಣಿತದ ಶಿಬಿರ ಹಾಕುತ್ತದೆ. ಹೆಜ್ಜೆ ಕಲಿಸುವುದಿಲ್ಲ, ತಾಳವಿಲ್ಲ. ಆ ಹೊತ್ತಿಗೆ ಮೈಗೆ ತೋಚಿದ್ದೇ ಕುಣಿತ. ಒಬ್ಬರ ಮೇಲೆ ಒಬ್ಬರು ಭಾರ ಹಾಕುವುದು, ಉರುಳುವುದು, ಏಳುವುದು, ಮತ್ತೆ ಬೀಳುವುದು. ಇದಕ್ಕೆ ಜನ ರಜೆ ಹಾಕಿ ಬರುತ್ತಾರಂತೆ.

ಹೋಗಬೇಕೆಂದು ಹಟ ಹಿಡಿದವಳು ಸಾನ್ವಿ, ಇಪ್ಪತ್ತು ವರ್ಷದ ನನ್ನ ಒಬ್ಬಳೇ ಮಗಳು. ಆಸ್ಟಿನ್ನಿನಲ್ಲಿ ಓದುತ್ತಿದ್ದಾಗ ಭಾನುವಾರಗಳಂದು ಈ ಗುಂಪಿನ ಜೊತೆ ಕುಣಿಯುತ್ತಿದ್ದಳು. ಈಗ ಓದುತ್ತಿಲ್ಲ. ಜೂನ್‌ನಲ್ಲಿ ಅವಳು ಸಾಯಲು ಹೋಗಿದ್ದಳು. ಜೊತೆಗಿದ್ದ ಹುಡುಗಿ ಬೇಗ ನೋಡಿದ್ದರಿಂದ ಉಳಿದಳು. ಆಸ್ಪತ್ರೆಯಿಂದ ನೇರವಾಗಿ ಹ್ಯೂಸ್ಟನ್ ಪಕ್ಕದ ಈ ಮನೆಗೆ ಕರೆತಂದೆವು. ಬಳಗಕ್ಕೆಲ್ಲ ನ್ಯುಮೋನಿಯಾ ಎಂದಿದ್ದೇವೆ. ಮನೆಯೊಳಗೆ ಮೂವರೂ ಅದಕ್ಕೆ ‘ಜೂನ್’ ಎಂದಷ್ಟೇ ಅನ್ನುತ್ತೇವೆ. ಸಾಯುವುದು ಎಂಬ ಮಾತನ್ನು ಇಲ್ಲಿಯವರೆಗೆ ಯಾರೂ ಬಾಯಿ ಬಿಟ್ಟು ಆಡಿಲ್ಲ. ನಾನು ಬರೆದದ್ದೂ ಇವತ್ತೇ ಮೊದಲು.

ಸಾನ್ವಿ ಜನವರಿಗೆ ಆಸ್ಟಿನ್ನಿಗೆ ಮರಳಿ ಓದು ಮುಂದುವರಿಸುತ್ತೇನೆ ಅನ್ನುತ್ತಾಳೆ. ಅವಳ ಡಾಕ್ಟರು ಹೋಗಬಹುದು ಅನ್ನುತ್ತಾರೆ. ನನ್ನ ಹೆಂಡತಿ ನಳಿನಿ ಸುತರಾಂ ಒಪ್ಪುವುದಿಲ್ಲ. ಮೆಡಿಕಲ್ ಸೆಂಟರಿನ ಲ್ಯಾಬ್ ಕೆಲಸವನ್ನು ಅರ್ಧ ಮಾಡಿಕೊಂಡು ಈ ನಾಲ್ಕು ತಿಂಗಳು ಮಗಳನ್ನು ಕಾದವಳು ಅವಳು. ಕಣ್ಣ ಕೆಳಗೆ ಕಪ್ಪು ಬಿದ್ದಿದೆ. ಕೊನೆಗೆ ಒಂದು ರಾಜಿಯಾಯಿತು. ಶಿಬಿರಕ್ಕೆ ಸಾನ್ವಿ ಹೋಗಲಿ, ಜೊತೆಗೆ ನಾನಿರಬೇಕು. ಅವಳನ್ನು ಆಸ್ಟಿನ್ನಿಗೆ ಬಿಡಬಹುದೋ ಇಲ್ಲವೋ ಎಂದು ನೋಡಿ ಬಂದು ನಾನೇ ಹೇಳಬೇಕು.

“ನಿಮಗ ಏನ್ ಕಾಣತೈತ್ಯೋ ಅದನ್ನ ನಾ ಒಪ್ಕೊಂತೀನಿ,” ಎಂದಳು ನಳಿನಿ. “ಆದ್ರ ಸರಿಯಾಗಿ ನೋಡ್ರಿ.”

ದಿನಾ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ ಎಂದು ಡಾಕ್ಟರು ನನಗೂ ಒಂದು ಔಷಧಿ ಕೊಟ್ಟಿದ್ದಾರೆ. ಹ್ಯೂಸ್ಟನ್ನಿನಲ್ಲಿ ಅಡುಗೆಮನೆಗಳಿಗೆ ಗ್ರಾನೈಟ್ ಕೂರಿಸುವವನಿಗೆ ಬರೆಯುವ ಶಿಕ್ಷೆ.

ಅಕ್ಟೋಬರ್ 15, ಬುಧವಾರ. ಫೋರ್ಟ್ ಸ್ಟಾಕ್ಟನ್‌ನ ಮೋಟೆಲ್

ದಾರಿಯಲ್ಲಿ ಆಸ್ಟಿನ್ನಿನಲ್ಲಿ ನಿಂತೆವು. ಸಾನ್ವಿ ಮೊದಲಿದ್ದ ಬಾಡಿಗೆ ಮನೆಯಿಂದ ಅವಳ ಸ್ಲೀಪಿಂಗ್ ಬ್ಯಾಗ್ ತರಬೇಕಿತ್ತು. ಅಲ್ಲಿ ಈಗಲೂ ನಿಹಾರಿಕಾ ಇದ್ದಾಳೆ. ಮೈಸೂರಿನವಳು, ಎಂ.ಎಸ್. ಮಾಡುತ್ತಿದ್ದಾಳೆ. ಜೂನ್‌ನಲ್ಲಿ ಬಾಗಿಲು ಒಡೆದು ಒಳಗೆ ಹೋಗಿ ಆಂಬುಲೆನ್ಸ್ ಕರೆಸಿದವಳು ಅವಳೇ. ನಾನು ಕಾರಿನಿಂದ ಇಳಿಯಲಿಲ್ಲ. ಆ ಮನೆಯೊಳಗೆ ಕಾಲಿಡುವುದು ನನ್ನಿಂದ ಆಗದು. ನಿಹಾರಿಕಾ ಕಿಟಕಿಯ ಹತ್ತಿರ ಬಂದು, ಅಂಕಲ್, ಕಾಫಿ ಕುಡ್ಕೊಂಡು ಹೋಗಿ ಎಂದು ಕರೆದಳು. ಲೇಟಾಗುತ್ತದೆ ಎಂದೆ. ನನ್ನ ಮಗಳ ಜೀವ ಉಳಿಸಿದವಳಿಗೆ ಇಷ್ಟು ದಿನದಲ್ಲಿ ನಾನು ಆಡಿದ ಮಾತು ಅದೊಂದೇ. ನಾಚಿಕೆಯಾಯಿತು, ಆದರೂ ಇಳಿಯಲಿಲ್ಲ.

ಜಂಕ್ಷನ್ ಎಂಬ ಊರಿನ ಹತ್ತಿರ ಸೌತ್‌ಲೇಕ್‌ನಿಂದ ನಮ್ಮಣ್ಣ ಇರಣ್ಣನ ಫೋನು. ಮುಂದಿನ ಶನಿವಾರ ಅವರ ಮನೆಯಲ್ಲಿ ದೀಪಾವಳಿ ಊಟ, ಡಾಲಸ್ ಕಡೆಯವರೆಲ್ಲ ಬರುತ್ತಾರೆ, ತಪ್ಪಿಸಬೇಡಿ ಎಂದ. ಎಲ್ಲಿ ಹೊರಟಿದ್ದೇವೆಂದು ತಿಳಿದ ಮೇಲೆ, ನ್ಯುಮೋನಿಯಾ ಆದ ಹುಡುಗಿಯನ್ನು ಧೂಳಿಗೆ ಯಾಕೆ ಒಯ್ಯುತ್ತಿದ್ದೀ ಎಂದು ತರಾಟೆಗೆ ತೆಗೆದುಕೊಂಡ. ಒಣ ಹವೆ ಎದೆಗೆ ಒಳ್ಳೆಯದಂತೆ ಎಂದೆ. ಸಾನ್ವಿ ಪಕ್ಕದಲ್ಲೇ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಸುಳ್ಳು ಹೇಳುವುದರಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ.

ಪೂರ್ತಿ ದಾರಿ ನಾನೇ ಡ್ರೈವ್ ಮಾಡಿದೆ. ಜೂನ್‌ನಿಂದ ಅವಳ ಕೈಗೆ ಕಾರು ಕೊಟ್ಟಿಲ್ಲ. ಅವಳೂ ಕೇಳುವುದನ್ನು ಬಿಟ್ಟಿದ್ದಾಳೆ.

ಸಾನ್ವಿ ತಿಂದದ್ದು: ಬೆಳಿಗ್ಗೆ ಅರ್ಧ ಬಾಳೆಹಣ್ಣು, ಮಧ್ಯಾಹ್ನ ಅರ್ಧ ಬುರಿಟೊ. ಮಾತ್ರೆ ನನ್ನ ಎದುರಿಗೇ ನುಂಗಿದಳು. ನಗಲಿಲ್ಲ.

ಅಕ್ಟೋಬರ್ 16, ಗುರುವಾರ. ಶಿಬಿರ

ಟಾರು ರಸ್ತೆ ಮುಗಿದ ಮೇಲೂ ಬಹಳ ದೂರ. ಬಿಳಿಚಿಕೊಂಡ ನೆಲ, ಮುಳ್ಳುಗಿಡ, ದೂರದಲ್ಲಿ ಬೋಳು ಗುಡ್ಡ. ಯಾವನೋ ಒಬ್ಬ ತನ್ನ ರ‍್ಯಾಂಚಿನ ಬಯಲನ್ನು ಉತ್ಸವಕ್ಕೆ ಬಿಟ್ಟುಕೊಟ್ಟಿದ್ದಾನೆ. ತಗಡಿನ ಆನೆ, ಗಾಳಿಗೆ ಊಳಿಡುವ ಕೊಳವೆಗಳು, ಮೈಗೆಲ್ಲ ಬಣ್ಣ ಬಳಿದುಕೊಂಡು ಸೈಕಲ್ ತುಳಿಯುವ ಮುದುಕರು. ಫೋನ್ ಸಿಗ್ನಲ್ ಇಲ್ಲ. ನಳಿನಿಗೆ ಏನನ್ನೂ ತಿಳಿಸುವಂತಿಲ್ಲ.

ನಮ್ಮ ಶಿಬಿರ ಎಂದರೆ ಒಂದು ದೊಡ್ಡ ಚಪ್ಪರ, ಕೆಳಗೆ ಹಳೆಯ ಜಮಖಾನೆಗಳ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್, ಸುತ್ತ ಟೆಂಟುಗಳು. ಮೂವತ್ತು ಜನರಿರಬಹುದು. ನಡೆಸುವವಳು ಡಾರ್ಲಾ. ಅರವತ್ತು ದಾಟಿದ ಗಟ್ಟಿ ಹೆಂಗಸು, ಲಾಕ್‌ಹಾರ್ಟ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತಾಳಂತೆ. ನಾನು ಮಡಚುವ ಕುರ್ಚಿಯನ್ನು ಕ್ಯಾನ್ವಾಸಿನ ಅಂಚಿಗೆ ಹಾಕಿಕೊಂಡು ಕೂತೆ. ಅಲ್ಲಿಂದ ಸಾನ್ವಿ ಎಲ್ಲಿ ಹೋದರೂ ಕಾಣುತ್ತಿತ್ತು. ಡಾರ್ಲಾ ಬಂದು ಬಲು ನಯವಾಗಿ ಕುರ್ಚಿ ಮಡಚಿಟ್ಟಳು. ಇಲ್ಲಿ ಪ್ರೇಕ್ಷಕರಿಲ್ಲ, ಶಿಬಿರದಲ್ಲಿ ಉಂಡು ಮಲಗುವವರೆಲ್ಲ ಕುಣಿಯಬೇಕು, ಇಲ್ಲವಾದರೆ ಕಣ್ಣಿಗೆ ಕಾಣದಷ್ಟು ದೂರ ಹೋಗಬೇಕು, ಇದೊಂದೇ ನಿಯಮ ಎಂದಳು.

ನಾನು ಮಗಳನ್ನು ನೋಡಿಕೊಳ್ಳಲು ಬಂದವನು ಎಂದೆ. ಅದಕ್ಕೇ ಹೇಳಿದೆ ಎಂದಳು. ಅವಳಿಗೆ ಜೂನ್ ಗೊತ್ತು ಅಂತ ಕಾಣುತ್ತದೆ. ಸಾನ್ವಿ ನಮಗೆ ಹೇಳದ ಎಷ್ಟನ್ನು ಇವರಿಗೆಲ್ಲ ಹೇಳಿದ್ದಾಳೋ. ಹೊಟ್ಟೆ ಉರಿಯಿತು.

ತಿಂದದ್ದು: ಬೀನ್ಸ್, ಅನ್ನ, ಪರವಾಗಿಲ್ಲ. ಒಬ್ಬಳೇ ಕೂತದ್ದು: ಸಂಜೆ ಸ್ವಲ್ಪ ಹೊತ್ತು, ಗುಡ್ಡದ ಕಡೆ ಮುಖ ಮಾಡಿ. ಮಲಗಲು ಟೆಂಟಿನ ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡಿದ್ದೇನೆ. ನನ್ನನ್ನು ದಾಟದೆ ಹೊರಗೆ ಹೋಗುವಂತಿಲ್ಲ.

ಅಕ್ಟೋಬರ್ 17, ಶುಕ್ರವಾರ

ಇವತ್ತು ಮೈ ಉರಿದುಹೋಗಿದೆ.

ಬೆಳಿಗ್ಗೆ ಎಲ್ಲರೂ ಕ್ಯಾನ್ವಾಸಿನ ಮೇಲೆ ಉರುಳಬೇಕಿತ್ತು. ಯಾರಿಗಾದರೂ ತಾಕಿದರೆ ಅಲ್ಲೇ ತುಸು ನಿಂತು, ಅವರ ಮೇಲಿಂದಲೋ ಪಕ್ಕದಿಂದಲೋ ಮುಂದಕ್ಕೆ. ನಾನು ಸೌತೆಕಾಯಿಯಂತೆ ಬಿಗಿಯಾಗಿ ಉರುಳಿದೆ. ನನ್ನ ಕಾಲು ಒಬ್ಬನ ಭುಜಕ್ಕೆ ಬಡಿಯಿತು. ಡಾಲಸ್ಸಿನ ಹಲ್ಲಿನ ಡಾಕ್ಟರು, ಕೆಂಪು ಗಡ್ಡದವನು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಉಸಿರಾಡಿದಷ್ಟೇ ಸಹಜ. ಅವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವನು ಅದೂ ಒಂದು ಕುಣಿತದ ನಡೆ ಎಂದು ತಿಳಿದು, ನನ್ನ ಪಾದ ಮುಟ್ಟಿ ತನ್ನ ಕಣ್ಣಿಗೊತ್ತಿಕೊಂಡ. ಪಕ್ಕದವಳು ಅವನ ಮೊಣಕೈ ಮುಟ್ಟಿ ಒತ್ತಿಕೊಂಡಳು. ನೋಡುನೋಡುತ್ತಿದ್ದಂತೆ ಮೂವತ್ತೂ ಜನ ಒಬ್ಬರನ್ನೊಬ್ಬರು ಒದೆಯುವುದು, ಕಣ್ಣಿಗೊತ್ತಿಕೊಳ್ಳುವುದು. ಕೆಲವರು ಒತ್ತಿಕೊಳ್ಳಲೆಂದೇ ಒದೆಯುತ್ತಿದ್ದರು.

ನಾನು ತಪ್ಪಾಯಿತು ಎಂದದ್ದನ್ನು ಇವರು ಆಟ ಮಾಡಿಕೊಂಡರು. ಎಲ್ಲಕ್ಕಿಂತ ಸಿಟ್ಟು ಬಂದದ್ದು ಸಾನ್ವಿಯ ಮೇಲೆ. ಇಳಕಲ್ಲಿಗೆ ಹೋದಾಗಲೆಲ್ಲ ನಮ್ಮವ್ವ ಗುರವ್ವ ಅವಳಿಗೆ ಇದನ್ನು ಕಲಿಸಿದ್ದಳು. ಅದರ ಅರ್ಥ ಗೊತ್ತಿದ್ದೂ ಅವಳು ಅವರ ಜೊತೆ ಸೇರಿಕೊಂಡು ಮಾಡುತ್ತಿದ್ದಳು. ಮುಖದಲ್ಲಿ ನಗು ಬೇರೆ.

ಆಮೇಲೆ ವೃತ್ತವಾಗಿ ಕೂತಾಗ ಸಾನ್ವಿಯೇ ಎಲ್ಲರಿಗೂ ಇಂಗ್ಲಿಷಿನಲ್ಲಿ ಅದೇನೆಂದು ವಿವರಿಸಿದಳು. ಚೆನ್ನಾಗಿಯೇ ಹೇಳಿದಳು. ನಾನು ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಗಡ್ಡದವನು ಬಂದು ಕ್ಷಮೆ ಕೇಳಿದ. ಇದನ್ನು ಬಿಟ್ಟುಬಿಡಬೇಕೋ ಇಟ್ಟುಕೊಳ್ಳಬಹುದೋ ಎಂದು ಡಾರ್ಲಾ ಕೇಳಿದಳು. ಏನಾದರೂ ಮಾಡಿಕೊಳ್ಳಿ ಎಂದೆ.

ತಿಂದದ್ದು: ಓಟ್ಸ್, ಎರಡು ಮೊಟ್ಟೆ. ಮಾತ್ರೆ ಆಯಿತು. ನಕ್ಕದ್ದನ್ನು ಮೇಲೆ ಬರೆದಿದ್ದೇನೆ. ಬರೆಯುವಾಗ ಅದು ಸಿಟ್ಟಿನ ಲೆಕ್ಕಕ್ಕೆ ಹೋಗಿಬಿಟ್ಟಿತು.

ಅಕ್ಟೋಬರ್ 18, ಶನಿವಾರ, ಮಧ್ಯಾಹ್ನ

ಬೆಳಿಗ್ಗೆ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರ ಮೇಲೊಬ್ಬರು ಒರಗುವ ಪಾಠ. ನನಗೆ ಸಾನ್ವಿಯನ್ನೇ ಜೊತೆ ಹಾಕಿದರು. ಅವಳು ದೊಡ್ಡವಳಾದ ಮೇಲೆ ನಾನು ಅವಳನ್ನು ಮುಟ್ಟಿ ಮಾತಾಡಿಸಿದ್ದು ಕಡಿಮೆ. ನಮ್ಮ ಕಡೆ ಮಗಳು ಬೆಳೆದಳೆಂದರೆ ಅಪ್ಪ ಒಂದು ಮಾರು ದೂರ ಸರಿಯುತ್ತಾನೆ, ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯಲ್ಲೂ ನಾನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ, ಅವಳ ಕೈ ಹಿಡಿದದ್ದು ನಳಿನಿ.

ಅವಳು ಒರಗಿದಳು, ನಾನು ತಡೆದೆ. ನಾನು ಒರಗುವ ಸರದಿ ಬಂದಾಗ ಒರಗಿದ ಹಾಗೆ ಮಾಡಿದೆ ಅಷ್ಟೆ. ಡಾರ್ಲಾ ಬಂದು ನನ್ನ ತೊಡೆ ತಟ್ಟಿ, ಇದು ಕಲ್ಲಾಗಿದೆ, ಭಾರವೆಲ್ಲ ಇಲ್ಲೇ ಇಟ್ಟುಕೊಂಡಿದ್ದೀಯ ಎಂದಳು. ಭಾರದ ವಿಷಯ ನನಗೆ ಹೇಳಬೇಡ, ನನ್ನ ಕಸುಬೇ ಅದು, ಗ್ರಾನೈಟ್ ಹಲಗೆಯನ್ನು ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ, ನಿಲ್ಲಿಸಿ ಹೊರಬೇಕು, ಇದೆಲ್ಲ ನನಗೆ ಗೊತ್ತು ಎಂದೆ. ಹೊರುವುದು ಗೊತ್ತಿದೆ, ಹೊರಿಸುವುದು ಗೊತ್ತಿಲ್ಲ ಎಂದು ಹೇಳಿ ಮುಂದಿನ ಜೋಡಿಗೆ ಹೋದಳು. ಸಾನ್ವಿ ಬೆನ್ನು ತೆಗೆದು ಎದ್ದಳು. ನಾನೇನು ಒಡೆದುಹೋಗುತ್ತೇನಾ ಎಂದು ಇಂಗ್ಲಿಷಿನಲ್ಲಿ ಗೊಣಗಿ ನೀರು ಕುಡಿಯಲು ಹೋದಳು.

ಹೌದು ಎನ್ನುವುದೇ ನನ್ನ ಉತ್ತರವಾಗಿತ್ತು.

ಅದೇ ದಿನ, ಸಂಜೆ

ಊಟದ ನಂತರ ಧೂಳಿನ ಗಾಳಿ ಎದ್ದಿತು. ಚಪ್ಪರ ಹಾರಿಹೋಗದಂತೆ ಗಂಡಸರೆಲ್ಲ ಹಗ್ಗ ಹಿಡಿದು ನಿಂತೆವು. ತುಸು ಇಳಿದ ಮೇಲೆ ನೋಡಿದರೆ ಸಾನ್ವಿ ಇಲ್ಲ. ಟೆಂಟಿನಲ್ಲಿಲ್ಲ, ನೀರಿನ ಡ್ರಮ್ಮಿನ ಹತ್ತಿರವಿಲ್ಲ. ಯಾರೂ ನೋಡಿಲ್ಲ. ನಾನು ಓಡಿದೆ. ಆ ಧೂಳಿನಲ್ಲಿ ಒಂದೊಂದು ಟೆಂಟಿನ ಬಾಗಿಲು ಎತ್ತಿ ನೋಡಿದೆ. ಕಾರುಗಳ ಕೆಳಗೆ ಬಗ್ಗಿ ನೋಡಿದೆ. ಗುಡ್ಡದ ಬುಡದಲ್ಲಿ ಒಂದು ಹಳ್ಳ ಇದೆ, ಅದರೊಳಗೆ ಇಳಿದು ನೋಡಿದೆ. ಅವಳ ಹೆಸರನ್ನು ಒಂದು ಸಲವೂ ಕೂಗಲಿಲ್ಲ.

ಅವಳು ಆಚೆಯ ಶಿಬಿರದ ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಾಳಿಗೆ ಅವರ ತಟ್ಟೆ ಬೋಗುಣಿಗಳೆಲ್ಲ ಮಣ್ಣಾಗಿದ್ದವಂತೆ, ಕರೆದಿದ್ದಕ್ಕೆ ಹೋಗಿದ್ದಳು. ನಾನು ಅವಳ ಮುಂಗೈ ಹಿಡಿದು ಎಲ್ಲರ ಎದುರಿಗೇ ದರದರ ಎಳೆದುಕೊಂಡು ಬಂದೆ. ಕೈಯಲ್ಲಿ ಸೋಪಿನ ನೊರೆ ಇತ್ತು. ನಮ್ಮ ಟೆಂಟಿನ ಹತ್ತಿರ ಬಂದಾಗ ಕೊಸರಿಕೊಂಡು ನಿಂತಳು. ಇಂಗ್ಲಿಷ್ ಬಿಟ್ಟು ಮನೆ ಮಾತಿನಲ್ಲಿ ಹೇಳಿದಳು:

“ಅಪ್ಪ, ನೀ ನನ್ನ ಹೆಣಾ ಹುಡುಕಿದಂಗ ಹುಡುಕಿದಿ.”

ಮುಂಗೈ ಕೆಂಪಾಗಿದೆ. ನನ್ನ ಬೆರಳಿನ ಗುರುತು.

ಅವಳು ಹೇಳಿದ್ದು ನಿಜ. ಹಳ್ಳದಲ್ಲಿ ಇಳಿದಾಗ ನಾನು ಹುಡುಕುತ್ತಿದ್ದದ್ದು ಅದನ್ನೇ. ಈ ನಾಲ್ಕು ತಿಂಗಳೂ ನಳಿನಿಯೂ ನಾನೂ ಮನೆಯಲ್ಲಿ ಹುಡುಕುತ್ತಿದ್ದದ್ದೂ ಅದನ್ನೇ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ ಅವಳು ಮಾತಾಡಲಿಲ್ಲ. ನಾನೂ ಅವಳ ಹಿಂದೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ಕ್ಯಾನ್ವಾಸಿನ ಮೂಲೆಯಲ್ಲಿ ನಿಂತಿದ್ದೆ. ಡಾರ್ಲಾ ಏನೂ ಕೇಳದೆ ಬಂದು ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟಳು. ಬಸ್ಸಿನವಳ ಬೆನ್ನು, ಗೋಡೆಯಂತಿತ್ತು. ಎಷ್ಟು ಹೊತ್ತು ತಡೆದೆನೋ ತಿಳಿಯದು. ಕಾಲು ನಡುಗಲು ಶುರುವಾಯಿತು, ಆಮೇಲೆ ತಾವಾಗಿಯೇ ಸೋತವು. ಪೂರ್ತಿ ಆಕೆಯ ಮೇಲೆ ಬಿದ್ದೆ. ಆಕೆ ಮೆಲ್ಲಗೆ ಮೊಣಕಾಲೂರಿ ನನ್ನನ್ನು ನೆಲಕ್ಕೆ ಇಳಿಸಿದಳು. ಅಲ್ಲೇ ಮಲಗಿ ಅತ್ತೆ. ಸುತ್ತ ಜನ ಕುಣಿಯುತ್ತಲೇ ಇದ್ದರು. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಅದು ಒಳ್ಳೆಯದಾಯಿತು. ಜೂನ್‌ನಿಂದ ನಾನು ಅತ್ತಿರಲಿಲ್ಲ. ನಳಿನಿ ಅಳುವಾಗ ಒಬ್ಬರಾದರೂ ಗಟ್ಟಿ ಇರಬೇಕೆಂದು ಇದ್ದೆ.

ಮಧ್ಯಾಹ್ನ ಎಲ್ಲರೂ ಮನಸ್ಸಿಗೆ ಬಂದ ಹಾಗೆ ಕುಣಿಯುವ ಹೊತ್ತು. ಮಲಗಿದ್ದವನು ಎದ್ದು ಕೂತಿದ್ದೆ. ಬೆನ್ನಿಗೆ ಇನ್ನೊಂದು ಬೆನ್ನು ತಾಗಿತು. ತಿರುಗಿ ನೋಡಬೇಕಿರಲಿಲ್ಲ. ಕಟ್ಟಿದ ಜಡೆಯ ತುದಿ ನನ್ನ ಕುತ್ತಿಗೆಗೆ ಚುಚ್ಚುತ್ತಿತ್ತು. ಇಬ್ಬರೂ ಹಾಗೇ ಒರಗಿಕೊಂಡೇ ಎದ್ದು ನಿಂತೆವು. ನಾನು ಭಾರ ಬಿಟ್ಟೆ. ಎಂಬತ್ತಾರು ಕಿಲೊ ಆಸಾಮಿ. ಅವಳು ಒಂದು ಹೆಜ್ಜೆ ಮುಗ್ಗರಿಸಿದಳು, ಆದರೂ ನಾನು ಭಾರ ವಾಪಸ್ ತೆಗೆದುಕೊಳ್ಳಲಿಲ್ಲ. ಅವಳು ಕಾಲು ಅಗಲಿಸಿ ನಿಂತಳು. ಹೊತ್ತಳು. ಅವಳ ಬೆನ್ನು ಬಿಸಿಯಾಗಿತ್ತು, ಉಸಿರಿಗೆ ಏರಿ ಇಳಿಯುತ್ತಿತ್ತು. ನನ್ನ ಮಗಳು ಬದುಕಿದ್ದಾಳೆ ಎಂದು ಜೂನ್‌ನ ನಂತರ ನನಗೆ ಮೊದಲ ಸಲ ಅನ್ನಿಸಿತು.

ಆಮೇಲೆ ಕುಣಿತ ಅಂದರೆ ಏನು, ಇಬ್ಬರೂ ಉರುಳಿದೆವು, ಎದ್ದೆವು, ಅವಳು ನನ್ನ ಬೆನ್ನ ಮೇಲಿಂದ ಜಾರಿ ಆಚೆಗೆ ಇಳಿದಳು. ಉರುಳುವಾಗ ನನ್ನ ಕಾಲು ಅವಳ ಕಿವಿಗೆ ಬಡಿಯಿತು. ಕೈ ತಾನಾಗಿ ಚಾಚಿತು, ಅರ್ಧಕ್ಕೇ ನಿಂತಿತು. ಈಗ ಇಡೀ ಶಿಬಿರಕ್ಕೆ ಆ ಒತ್ತಿಕೊಳ್ಳುವುದು ರೂಢಿಯಾಗಿಬಿಟ್ಟಿದೆ, ಪಕ್ಕದವರೆಲ್ಲ ಮಾಡುತ್ತಲೇ ಇದ್ದರು. ನಾನು ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡೆ. ಯಾಕೆ ನಿಂತಿ ಎಂದು ಕೇಳಿದಳು. ಹೇಳಬಾರದೆಂದುಕೊಂಡೆ, ಆದರೆ ಸುಳ್ಳು ಹೊಳೆಯಲಿಲ್ಲ. ದೊಡ್ಡವರು ಸಣ್ಣವರಿಗೆ ಹಾಗೆ ನಮಸ್ಕಾರ ಮಾಡಬಾರದು, ಮಾಡಿದರೆ ಸಣ್ಣವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಿಮ್ಮಜ್ಜಿ ಹೇಳುತ್ತಿದ್ದಳು ಎಂದೆ.

ಸಾನ್ವಿ ಕಿವಿ ತಿಕ್ಕಿಕೊಳ್ಳುತ್ತ ನನ್ನನ್ನೇ ನೋಡಿದಳು.

“ಆಯುಷ್ಯ ಕಡಿಮಿ ಮಾಡೂದು ಅಷ್ಟ ಸರಳ ಇಲ್ಲಪ್ಪ,” ಎಂದಳು. “ನಾ ಮಾಡಿ ನೋಡೀನಿ.”

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಅಳುವೆಂದುಕೊಂಡೆ, ನಗುವಾಗಿತ್ತು. ಇಂಥ ಮಾತಿಗೆ ಯಾವ ಅಪ್ಪ ನಗುತ್ತಾನೆ? ನಾನು ನಕ್ಕೆ. ಅವಳೂ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಆ ಕ್ಯಾನ್ವಾಸಿನ ಮೇಲೆ ಬಿದ್ದುಕೊಂಡು ನಕ್ಕೆವು. ಸುತ್ತಲಿದ್ದವರು ಇದೂ ಕುಣಿತವೆಂದು ತಿಳಿದು ಒಬ್ಬೊಬ್ಬರಾಗಿ ಬಿದ್ದು ನಗಲು ಶುರುಮಾಡಿದರು. ಗಡ್ಡದವನಂತೂ ಕುದುರೆಯ ಹಾಗೆ ಕೆನೆದ. ಅದನ್ನು ನೋಡಿ ನಮಗೆ ಇನ್ನಷ್ಟು ನಗು.

ನಗು ನಿಂತ ಮೇಲೆ ಅವಳು ಜೂನ್‌ನದನ್ನು ಹೇಳಿದಳು. ಒಂದಿಷ್ಟು ಇಂಗ್ಲಿಷಿನಲ್ಲಿ, ಒಂದಿಷ್ಟು ಕನ್ನಡದಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಮೈಕೈ ಎಲ್ಲ ನೋವು. ಎಡ ಸೊಂಟಕ್ಕೆ ನಳಿನಿ ಕೊಟ್ಟ ಮುಲಾಮು ಹಚ್ಚಿಕೊಂಡೆ. ಸಾನ್ವಿ ಏನು ತಿಂದಳೋ, ಕೇಳಲು ಮರೆತೆ.

ಅಕ್ಟೋಬರ್ 20, ಸೋಮವಾರ. ಆಸ್ಟಿನ್

ನನ್ನ ಸೊಂಟ ಹಿಡಿದುಕೊಂಡದ್ದರಿಂದ ಸಾನ್ವಿ ಡ್ರೈವ್ ಮಾಡಿದಳು. ನಿದ್ದೆ ಹೋಗಿಬಿಟ್ಟಿದ್ದೆ. ಎಚ್ಚರವಾದಾಗ ಫ್ರೆಡ್ರಿಕ್ಸ್‌ಬರ್ಗ್ ಬಂದಿತ್ತು. ಪೀಚ್ ಜ್ಯಾಮ್ ತೆಗೆದುಕೊಂಡೆವು.

ಆಸ್ಟಿನ್ನಿನ ಆ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಕೇಳಿದೆ. ಮತ್ತೆ ಹಾಗೆ ಅನ್ನಿಸುತ್ತದೆಯೇ ಎಂದು. ನಾಲ್ಕು ತಿಂಗಳಿಂದ ಕೇಳದೆ ಉಳಿಸಿಕೊಂಡ ಮಾತು. ಒಮ್ಮೊಮ್ಮೆ ಅನ್ನಿಸುತ್ತದೆ ಎಂದಳು. ಇಲ್ಲ ಎನ್ನುತ್ತಾಳೆ ಎಂದು ಆಸೆ ಪಟ್ಟ ನಾನು ಎಂಥ ಮೂರ್ಖ. ಇಲ್ಲ ಎಂದಿದ್ದರೆ ನಾನು ನಂಬುತ್ತಲೂ ಇರಲಿಲ್ಲ.

ಒಳಗೆ ಹೋದೆ. ನಿಹಾರಿಕಾ ದೀಪಾವಳಿಯೆಂದು ಬಾಗಿಲಲ್ಲಿ ದೀಪ ಹಚ್ಚಿದ್ದಳು, ಕಾಫಿ ಕೊಟ್ಟಳು. ನಿನ್ನ ಋಣ ತೀರುವಂಥದ್ದಲ್ಲ ತಾಯಿ ಎಂದೆ. ಅವಳು ಕಣ್ಣೀರು ಹಾಕುತ್ತ, “ನಂಗೂ ಈಗಲೂ ನಿದ್ದೆ ಬರಲ್ಲ ಅಂಕಲ್,” ಎಂದಳು. ಅವಳನ್ನು ಯಾರಾದರೂ ಹೇಗಿದ್ದೀ ಎಂದು ಕೇಳಿದ್ದರೋ ಇಲ್ಲವೋ. ಮೈಸೂರಿನಲ್ಲಿ ಅವಳಿಗೂ ಅಪ್ಪ ಇದ್ದಾನೆ. ಅವನಿಗೆ ಫೋನ್ ಮಾಡುತ್ತೇನೆಂದು ನಂಬರು ತೆಗೆದುಕೊಂಡೆ.

ಅಕ್ಟೋಬರ್ 21, ಮಂಗಳವಾರ. ಪೇರ್‌ಲ್ಯಾಂಡ್

ನಳಿನಿಗೆ ಹೇಳಿದೆ. ಜನವರಿಗೆ ಹೋಗಲಿ ಎಂದೆ. ಮತ್ತೆ ಹಾಗಾಗುವುದಿಲ್ಲ ಎಂದು ಏನು ಗ್ಯಾರಂಟಿ ಎಂದು ಕೇಳಿದಳು. ಗ್ಯಾರಂಟಿ ಇಲ್ಲ ಎಂದೆ. ಇದನ್ನು ಹೇಳಲು ನೀವು ಅಷ್ಟು ದೂರ ಹೋಗಬೇಕಿತ್ತಾ ಎಂದಳು. ಒಪ್ಪುತ್ತೇನೆ ಎಂದು ಮಾತು ಕೊಟ್ಟಿದ್ದಳು, ಅದಕ್ಕೇ ಒಪ್ಪಿದಳು. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಸಿಟ್ಟು ನ್ಯಾಯವಾದದ್ದು. ನಾನು ಮಾಡಿದ್ದು ತಪ್ಪಾದರೆ ಅದನ್ನು ತಿದ್ದಲು ದಾರಿಯೇ ಇರುವುದಿಲ್ಲ. ಅದು ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಾಳೆ.

ಅಕ್ಟೋಬರ್ 25, ಶನಿವಾರ. ಸೌತ್‌ಲೇಕ್

ಊಟಕ್ಕೆ ಮೊದಲು ಅಣ್ಣನನ್ನು ಗ್ಯಾರೇಜಿಗೆ ಕರೆದು ನ್ಯುಮೋನಿಯಾ ಅಲ್ಲ ಎಂದು ಖರೇ ಹೇಳಿದೆ. ಸಾನ್ವಿಯೇ ಹೇಳು ಅಂದಿದ್ದಳು. ಇರಣ್ಣ ಫ್ರಿಜ್ಜಿಗೆ ಒರಗಿ ನಿಂತ. ಇದನ್ನು ಹೊರಗೆ ಬಿಡಬೇಡ, ನಾಳೆ ಅವಳ ಮದುವೆಯ ಮಾತು ಬಂದರೆ ಎಂದು ಶುರುಮಾಡಿದ. ಅವಳು ಇರಲಿ ಮೊದಲು ಎಂದೆ. ದನಿ ಏರಿತೆಂದು ಕಾಣುತ್ತದೆ, ಒಳಗಿಂದ ಅತ್ತಿಗೆ, ನಮ್ಮ ಸರೋಜಾ ವೈನಿ ಬಂದರು. ಅವರಿಗೂ ಹೇಳಿದೆ. ಊಟದ ಹೊತ್ತಿಗೆ ಹೋಗಿ ಸಾನ್ವಿಯ ಪಕ್ಕದಲ್ಲೇ ಕೂತರು, ಎದ್ದು ಬಡಿಸಲೂ ಇಲ್ಲ.

ಜನವರಿ 10, ಶನಿವಾರ

ಸಾನ್ವಿಯನ್ನು ಆಸ್ಟಿನ್ನಿಗೆ ಬಿಟ್ಟು ಬಂದೆವು. ವಾಪಸ್ ಬರುವಾಗ ನಳಿನಿ ದಾರಿಯುದ್ದಕ್ಕೂ ಅತ್ತಳು. ನನಗೂ ಧೈರ್ಯವಿಲ್ಲ. ಇವತ್ತಿಗೆ ಇಷ್ಟು ಸಾಕು.

ಫೆಬ್ರುವರಿ 10, ಮಂಗಳವಾರ

ಮಧ್ಯಾಹ್ನ ಅಂಗಡಿಯಲ್ಲಿದ್ದೆ. ಸಾನ್ವಿಯ ಫೋನು. ತರಗತಿಯ ಹೊತ್ತಿನಲ್ಲಿ ಅವಳು ಮಾಡುವುದಿಲ್ಲ. ಕಲ್ಲು ಕೊಯ್ಯುವ ಸದ್ದಿಗೆ ಕೇಳಿಸದೆ ಹಿತ್ತಲಿಗೆ ಬಂದೆ.

“ಅಪ್ಪ, ಇವತ್ತ ಮತ್ತ ಹಂಗ ಅನಸಾಕತ್ತೈತಿ.”

ಒಂದು ಮರದ ಪೆಟ್ಟಿಗೆಯ ಮೇಲೆ ಕೂತೆ. ಎಲ್ಲಿದ್ದೀ ಎಂದೆ. ಕ್ಯಾಂಪಸ್ಸಿನ ಡಾಕ್ಟರ ಆಫೀಸಿನ ಹೊರಗೆ, ನಾಲ್ಕು ಗಂಟೆಗೆ ಒಳಗೆ ಕರೆಯುತ್ತಾರೆ, ನಿಹಾರಿಕಾ ಕ್ಲಾಸ್ ಬಿಟ್ಟು ಬರುತ್ತಿದ್ದಾಳೆ ಎಂದಳು. ನಾನು ಹೊರಡಲೇ ಎಂದೆ. ಕಾರಿನ ಕೀಲಿ ಆಗಲೇ ಕೈಗೆ ಬಂದಿತ್ತು. ಬೇಡ, ಫೋನ್ ಮಾತ್ರ ಇಡಬೇಡ ಎಂದಳು.

ಇಡಲಿಲ್ಲ. ನಾನು ಏನೂ ಬುದ್ಧಿ ಹೇಳಲು ಹೋಗಲಿಲ್ಲ. ಅವಳು ತುಸು ಅತ್ತಳು. ನನ್ನ ಅಂಗಡಿಯವರು ಗಿರಾಕಿ ಬಂದಿದ್ದಾರೆಂದು ಎರಡು ಸಲ ಬಂದು, ನನ್ನ ಮುಖ ನೋಡಿ ಹಿಂದಕ್ಕೆ ಹೋದರು. ಆಮೇಲೆ ನಿಹಾರಿಕಾಳ ದನಿ ಕೇಳಿಸಿತು. ನಾಲ್ಕಕ್ಕೆ ಒಳಗೆ ಕರೆದರು.

ಸಂಜೆ ನಳಿನಿ ಕೆಲಸದಿಂದ ಬಂದು ಬ್ಯಾಗ್ ಇಡುವುದಕ್ಕೂ ಮೊದಲೇ ಹೇಳಿದೆ, ಸಾನ್ವಿ ಫೋನ್ ಮಾಡಿದ್ದಳು, ಈಗ ಹುಷಾರಾಗಿದ್ದಾಳೆ, ರಾತ್ರಿ ನಿಹಾರಿಕಾ ಜೊತೆಗೇ ಇರುತ್ತಾಳೆ, ನಾಳೆ ಬೆಳಿಗ್ಗೆ ನಾವಿಬ್ಬರೂ ಹೋಗಿ ನೋಡಿ ಬರೋಣ ಎಂದು. ಯಾಕೆ ಮಾಡಿದ್ದಳು ಎಂದು ಕೇಳಿದಳು. ಸಾಯಬೇಕು ಅನ್ನಿಸುತ್ತಿದೆ ಎಂದು ಹೇಳಲು ಮಾಡಿದ್ದಳು ಎಂದೆ.

ನಳಿನಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯದೆ ಕೇಳಿದಳು:

“ತಾನಾಗೇ ಹೇಳಿದ್ಲಾ?”

“ಹೇಳಿದ್ಲು,” ಎಂದೆ.